ಕಾಣೆಯಾದ ಎರಡಿಂಚು

ಪಿಕಪ್ಪಿನ ಮುಂದಿನ ಚಕ್ರಗಳನ್ನು ಕಳಚಿದ ಕೂಡಲೇ ಗ್ಯಾರೇಜಿನಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ಅಲ್ಲಿರಬೇಕಾಗಿದ್ದ ಎರಡು ಹೊಸ ಶಾಕ್‌ಗಳು, ಗಾಡಿಯ ಕುಲುಕಾಟ ತಡೆಯುವ ದಪ್ಪ ಸ್ಪ್ರಿಂಗ್ ಸುತ್ತಿಕೊಂಡವು, ಮಾಯವಾಗಿದ್ದವು. ಅವುಗಳ ಜಾಗದಲ್ಲಿ ಗಾಡಿಯ ಹಳೆಯ ಶಾಕ್‌ಗಳೇ ಹೊಸವುಗಳಂತೆ ಕಾಣಲು ಹಳದಿ ಬಣ್ಣ ಬಳಿಸಿಕೊಂಡು, ತಲೆಯ ಮೇಲೆ ಎತ್ತರ ಹೆಚ್ಚಿಸಲು ಒಂದೊಂದು ಕಬ್ಬಿಣದ ಬಿಲ್ಲೆ ಹೊತ್ತು, ಏನೂ ಅರಿಯದವರ ಹಾಗೆ ನಿಂತಿದ್ದವು.

ಗಾಡಿ ಹೆರಿಗೆ ಮಾಡಿಸುವ ನರ್ಸಮ್ಮನದು. ಗುಡ್ಡದ ಮೇಲಿನ ಮನೆಗಳಿಗೆ ಹೋಗುವ ದಾರಿಯಲ್ಲಿ ಬಂಡೆಗಳು ಅಡಿಗೆ ಬಡಿಯುತ್ತವೆಂದು ಮೂರಿಂಚು ಎತ್ತರಿಸಲು ಕೊಟ್ಟಿದ್ದರು. ಸೋಮವಾರ ಬೆಳಗ್ಗೆ ಒಯ್ದವರು ಗುರುವಾರಕ್ಕೆಲ್ಲ ವಾಪಸು ಬಂದಿದ್ದರು. "ಒಳಗ್ಯಾರೋ ಸುತ್ತಿಗೆ ಹಿಡ್ಕೊಂಡು ಕೂತಿದ್ದಾರೆ," ಎಂಬುದು ಅವರ ದೂರು.

ಯಜಮಾನರು ತಲೆ ಕೆರೆದುಕೊಂಡರು. ಸ್ಪ್ಯಾನರ್ ಹಿಡಿದೇ ಬೆಳೆದ ಮನುಷ್ಯ, ಪುಸ್ತಕ ಕಂಡರೆ ಆಗದು. "ಒಂದೂವರೆ ಇಂಚಿನ ಬಿಲ್ಲೆ ಇದು. ಗಾಡಿ ಮೂರಿಂಚು ಏರಿದೆ. ಇನ್ನೊಂದು ಬಿಲ್ಲೆ ಎಲ್ಲಪ್ಪಾ?" ಎಂದು ಬಗ್ಗಿ ಬಗ್ಗಿ ಹುಡುಕಿದರು. ಸಿಗದಿದ್ದಾಗ ಸಿಟ್ಟು ಮೆಕ್ಯಾನಿಕ್ ಕಡೆಗೆ ತಿರುಗಿತು. "ಹೊಸ ಶಾಕ್ ಹಾಕಿದವನು ನೀನು. ಈಗ ಅವಿಲ್ಲ. ಸಂಜೆಯೊಳಗೆ ತಂದಿಡು. ಇಲ್ಲಾಂದ್ರೆ ಪೊಲೀಸರಿಗೆ ಹೇಳ್ತೀನಿ."

ಕೌಂಟರಿನಲ್ಲಿ ಕೂತು ಪ್ರತಿ ಗಾಡಿಯ ಕೆಲಸದ ಕಾರ್ಡು ಬರೆಯುತ್ತಿದ್ದ ಅಕ್ಕನ ಕೈಯಲ್ಲಿ ಪೆನ್ನು ನಿಂತಿತು. ಗ್ಯಾರೇಜಿಗೆಲ್ಲ ಅವಳು ಅಕ್ಕ. ಆ ಮೆಕ್ಯಾನಿಕ್ಕಿಗೆ ಮಾತ್ರ ಒಡಹುಟ್ಟಿದ ಅಕ್ಕ. ತಮ್ಮನನ್ನು ಟೈರುಗಳ ರಾಶಿಯ ಹಿಂದಕ್ಕೆ ಕರೆದೊಯ್ದು ಪಿಸುಗುಟ್ಟಿದಳು. "ನಿಜ ಹೇಳು. ನೀನೇ ತೆಗೆದ್ಯಾ?"

ತಮ್ಮ ಅವಳ ಮುಖವನ್ನೇ ನೋಡಿದ. ಆಮೇಲೆ ಹೋಗಿ ಕೈ ತೊಳೆಯತೊಡಗಿದ. ಕೇಳಬಾರದ್ದನ್ನು ಕೇಳಿಬಿಟ್ಟೆನೆಂದು ಅವಳಿಗೆ ಅನ್ನಿಸಿತು, ಆದರೆ ಆಡಿದ ಮಾತು ಆಡಿಯಾಗಿತ್ತು.

ಉಳಿದದ್ದು ಒಂದೇ ದಾರಿ. ಗ್ಯಾರೇಜಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಗಾಡಿಗಳ ಸೀಟು ಹೊಲಿಯುವ ದೊಡ್ಡಮ್ಮನ ಬಳಿ ಅವಳು ಓಡಿದಳು. ಇಪ್ಪತ್ತು ವರ್ಷದಿಂದ ಆ ಮೂಲೆಯಲ್ಲೇ ಕೂತಿದ್ದ ದೊಡ್ಡಮ್ಮ, ಹೋದ ವರ್ಷ ಪೆಟ್ರೋಲು ಕದಿಯುತ್ತಿದ್ದವನನ್ನು ಸೀಟಿನ ಮೇಲಿನ ಸುಕ್ಕು ನೋಡಿಯೇ ಹಿಡಿದಿದ್ದರು. ಅಂದಿನಿಂದ ಅಕ್ಕ ಅವರ ಬಲಗೈ. ಕನ್ನಡಕ ಒರೆಸಿಕೊಡುವುದೂ ಅವಳದೇ ಕೆಲಸ.

"ಅಳಬೇಡ, ಮೂಗು ಸೋರುತ್ತೆ, ಬಟ್ಟೆ ಕೊಳೆ ಆಗುತ್ತೆ," ಎಂದರು ದೊಡ್ಡಮ್ಮ. "ಆ ಗಾಡಿ ಕಾರ್ಡು ತಾ."

ಕಾರ್ಡಿನಲ್ಲಿ ಅಕ್ಕನದೇ ದುಂಡು ಅಕ್ಷರ. ಕೆಲಸ ಮುಗಿದ ಮೇಲೆ ಟೇಪು ಹಿಡಿದು ಎತ್ತರ ಬರೆದುಕೊಳ್ಳುವುದು ಅಲ್ಲಿನ ಪದ್ಧತಿ. ಶನಿವಾರ ಸಂಜೆ: ಮುಂಭಾಗ ಐದಿಂಚು ಏರಿದೆ. ಸೋಮವಾರ ಬೆಳಗ್ಗೆ: ಮೂರಿಂಚು.

"ಶನಿವಾರ ಮೂತಿ ಆಕಾಶ ನೋಡ್ತಿತ್ತು ದೊಡ್ಡಮ್ಮ. ತಮ್ಮ ಹೋಗಿ ಕ್ಯಾಟಲಾಗ್ ಅವರನ್ನ ಕೇಳಿದ. 'ಹೊಸ ಸ್ಪ್ರಿಂಗ್ ಕಣಯ್ಯಾ, ಎರಡು ದಿನಕ್ಕೆ ಕೂತ್ಕೊಳ್ಳುತ್ತೆ' ಅಂದ್ರಂತೆ. ಸೋಮವಾರ ನೋಡಿದ್ರೆ ಹಾಗೇ ಕೂತಿತ್ತು."

ಕ್ಯಾಟಲಾಗ್ ಎಂದರೆ ಗೋಡೆಯಾಚೆ ಬಿಡಿಭಾಗದ ಅಂಗಡಿ ಇಟ್ಟವರು. ಯಾವ ಗಾಡಿಗೆ ಯಾವ ಭಾಗ ಎಂಬುದು ಅವರಿಗೆ ಬಾಯಿಪಾಠ. ಮೂವತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲವೆಂದು ಎಲ್ಲರೂ ಹೊಗಳುತ್ತಿದ್ದರು. ನರ್ಸಮ್ಮನ ಗಾಡಿಗೆ ಶಾಕ್ ಆರಿಸಿದ್ದೂ ಅವರೇ.

"ಭಾನುವಾರ ಗಾಡಿ ಎಷ್ಟು ಓಡ್ತು?"

"ಎಲ್ಲಿ ಓಡುತ್ತೆ? ಗ್ಯಾರೇಜಿಗೆ ರಜ. ಬೀಗದ ಕೈ ಇರೋದು ಮೂವರ ಹತ್ರ. ಯಜಮಾನರು, ತಮ್ಮ, ಕ್ಯಾಟಲಾಗ್."

ದೊಡ್ಡಮ್ಮ ಎದ್ದರು. ಅವರು ಎದ್ದರೆಂದರೆ ಏನೋ ನಡೆಯುತ್ತದೆ. ಅಕ್ಕ ಹಿಂದೆಯೇ ನಡೆದಳು. ಪಿಕಪ್ಪಿನ ಪಕ್ಕದಲ್ಲಿ ಕಾಲು ಚಾಚಿ ಕೂತ ದೊಡ್ಡಮ್ಮ, ಚಕ್ರ ಹಿಡಿದಿಡುವ ಉದ್ದನೆಯ ಕಬ್ಬಿಣದ ತೋಳನ್ನು ಸವರಿದರು. ತೋಳಿನ ಬುಡದಲ್ಲಿ ಬೋಲ್ಟಿನ ಸುತ್ತ ರಬ್ಬರಿನ ಬುಶ್ ಇತ್ತು. ಹೋದ ವಾರವಷ್ಟೇ ಹಾಕಿದ್ದ ಹೊಸ ರಬ್ಬರು. ಉಗುರಿನಿಂದ ಅದರ ಅಂಚು ಕೆದಕಿದರು. ಅಂಚು ತಿರುಚಿಕೊಂಡು, ಸುತ್ತ ಹರಿಯಲು ಶುರುವಾಗಿತ್ತು.

"ಎಲ್ಲರನ್ನೂ ಕರಿ," ಎಂದರು. "ಕ್ಯಾಟಲಾಗ್‌ಗೂ ಹೇಳು."

ಗಾಡಿಯ ಸುತ್ತ ಜನ ಸೇರಿದರು. ನರ್ಸಮ್ಮ ಸ್ಟೂಲಿನ ಮೇಲೆ, ಯಜಮಾನರು ಸೊಂಟದ ಮೇಲೆ ಕೈಯಿಟ್ಟು, ತಮ್ಮ ದೂರದಲ್ಲಿ ಕಂಬಕ್ಕೆ ಒರಗಿ. ಕ್ಯಾಟಲಾಗ್ ಇಸ್ತ್ರಿ ಅಂಗಿಗೆ ಗ್ರೀಸ್ ತಾಗದಂತೆ ಜಾಗ ನೋಡಿಕೊಂಡು ನಿಂತರು.

"ಮೊದಲು ಬಿಲ್ಲೆ," ಎಂದರು ದೊಡ್ಡಮ್ಮ. "ಯಜಮಾನರೇ, ಇನ್ನೊಂದು ಬಿಲ್ಲೆ ಹುಡುಕಬೇಡಿ, ಅದಿಲ್ಲ. ಬಾಗಿಲನ್ನ ಮಧ್ಯದಲ್ಲಿ ಒಂದು ಗೇಣು ತಳ್ಳಿದ್ರೆ ತುದಿ ಎರಡು ಗೇಣು ಹೋಗುತ್ತೆ ತಾನೇ? ಶಾಕ್ ಕೂತಿರೋದು ಈ ತೋಳಿನ ಮಧ್ಯದಲ್ಲಿ, ಚಕ್ರ ಇರೋದು ತುದಿಲಿ. ಒಂದೂವರೆ ಇಟ್ರೆ ಮೂರು ಏರುತ್ತೆ. ಇದನ್ನ ಇಟ್ಟವರಿಗೆ ಆ ಲೆಕ್ಕ ಗೊತ್ತು. ನಿಮಗೆ ಈಗಷ್ಟೇ ಗೊತ್ತಾಯ್ತು."

ಯಜಮಾನರು ಬಗ್ಗಿ ತೋಳನ್ನು ಗೇಣಿನಿಂದ ಅಳೆದು ನೋಡಿದರು.

"ಹಾಗಿದ್ರೆ ಇವನೇ," ಎಂದರು ಕ್ಯಾಟಲಾಗ್, ತಮ್ಮನತ್ತ ನೋಡದೆಯೇ. "ಇವನಿಗೂ ಆ ಲೆಕ್ಕ ಗೊತ್ತು."

"ಗೊತ್ತು. ಅದಕ್ಕೇ ನಾನು ರಬ್ಬರು ನೋಡಿದೆ. ಇವನ ಕೆಲಸ ಯಾವಾಗಲೂ ಅರ್ಧ ಗಂಟೆ ತಡ ಅಂತ ಎಲ್ಲರೂ ಬೈತೀರಲ್ಲ, ಯಾಕೆ ತಡ?"

"ಗಾಡಿನ ಜಾಕಿಂದ ಇಳಿಸಿ ಗುಂಡಿ ಮೇಲೆ ತಂದು ನಿಲ್ಲಿಸ್ತಾನೆ," ಎಂದರು ಯಜಮಾನರು ನಿಧಾನವಾಗಿ. "ಭಾರ ಚಕ್ರದ ಮೇಲೆ ಬಿದ್ದ ಮೇಲೇ ಗುಂಡಿಗಿಳಿದು ಕೊನೇ ಬಿಗಿ ಕೊಡ್ತಾನೆ. ಕಲಿಸಿದ್ದು ನಾನೇ."

"ನಿಂತವರ ಅಳತೆ ತಗೊಂಡು ಪ್ಯಾಂಟು ಬಿಗಿಯಾಗಿ ಹೊಲಿದ್ರೆ ಕೂತಾಗ ಹರಿಯುತ್ತೆ. ಶಾಕ್ ಬದಲಿಸೋಕೆ ಈ ತೋಳಿನ ಬೋಲ್ಟು ಸಡಿಲಿಸಲೇಬೇಕು. ಗಾಡಿ ಜಾಕಿನ ಮೇಲೆ ನೇತಾಡ್ತಿರುವಾಗಲೇ ಅದನ್ನ ಮತ್ತೆ ಬಿಗಿದ್ರೂ ಅಷ್ಟೇ. ಇಳಿಸಿದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತೆ. ಇದು ಮೂರೇ ದಿನಕ್ಕೆ ಹರೀತಿದೆ. ಯಜಮಾನರಿಗೆ ಕೈ ಗೊತ್ತು, ಲೆಕ್ಕ ಗೊತ್ತಿಲ್ಲ. ಈ ಹುಡುಗನಿಗೆ ಎರಡೂ ಗೊತ್ತು. ಭಾನುವಾರ ಬಂದವರಿಗೆ ಲೆಕ್ಕ ಗೊತ್ತು, ಕೈ ಗೊತ್ತಿಲ್ಲ. ಪುಸ್ತಕದಲ್ಲಿ ಬಿಲ್ಲೆ ದಪ್ಪ ಬರೆದಿರ್ತಾರೆ. ಜಾಕಿಂದ ಇಳಿಸಿ ಬಿಗಿ ಅಂತ ಪಕ್ಕದಲ್ಲಿ ನಿಂತು ಹೇಳಿಕೊಡೋಕೆ ಒಬ್ಬ ಗುರು ಬೇಕು."

ಎಲ್ಲರೂ ಇಸ್ತ್ರಿ ಅಂಗಿಯ ಕಡೆ ತಿರುಗಿದರು. ದಿನಾ ಕಣ್ಣೆದುರು ನಡೆಯುವ ಕೆಲಸದೊಳಗೆ ಇಷ್ಟೊಂದು ಸತ್ಯ ಅಡಗಿ ಕೂತಿತ್ತಲ್ಲ ಎಂದು ಅಕ್ಕನಿಗೆ ಬೆರಗಾಯಿತು.

"ಕದ್ದು ನಾನೇನು ಮಾಡಲಿ?" ಎಂದರು ಕ್ಯಾಟಲಾಗ್. "ನನ್ನ ಅಂಗಡಿ ತುಂಬ ಶಾಕ್ ಇದೆ."

"ಕದ್ದಿಲ್ಲ, ವಾಪಸು ಇಟ್ಟಿದ್ದೀರಿ. ಅಂಗಡಿಯಲ್ಲಿ ಅದೇ ಡಬ್ಬದಲ್ಲಿ, ಅದೇ ಕಪಾಟಲ್ಲಿ ಇದೆ. ಮಾರಿದ ಅಂಗಡಿಲೇ ಯಾರು ಹುಡುಕ್ತಾರೆ? ಐದಿಂಚು ಯಾಕೆ ಏರಿತು ಹೇಳ್ಲಾ? ಆ ಸ್ಪ್ರಿಂಗು ಮುಂದುಗಡೆ ಭಾರದ ಕಬ್ಬಿಣದ ಗಾರ್ಡು ಹೊತ್ತ ಗಾಡಿಗಳಿಗೆ. ನರ್ಸಮ್ಮನ ಗಾಡಿ ಮುಂದೆ ಏನಿದೆ? ನಂಬರ್ ಪ್ಲೇಟು. ಓಡದ ಗಾಡಿಲಿ ಸ್ಪ್ರಿಂಗು ಎರಡಿಂಚು ಕೂರಲ್ಲ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಕ್ಯಾಟಲಾಗ್ ಅಲ್ಲೇ ಟೈರಿನ ಮೇಲೆ ಕೂತರು. ಅಂಗಿಗೆ ಗ್ರೀಸ್ ಮೆತ್ತಿದ್ದೂ ಗೊತ್ತಾಗಲಿಲ್ಲ. "ಗಾಡಿ ಯಾವುದು ಅಂತ ಕೇಳಿದೆ, ಎದ್ದು ಹೋಗಿ ನೋಡಲಿಲ್ಲ," ಎಂದರು. "ಮೂವತ್ತು ವರ್ಷಕ್ಕೆ ಮೊದಲ ತಪ್ಪು. ಯಾರಿಗೂ ತಿಳೀಬಾರದು ಅಂತ ಹೀಗ್ಮಾಡಿದೆ. ಇವನ ತಲೆಗೆ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ. ಬಂದ ಮೇಲೆ ಬಾಯಿ ಬರಲಿಲ್ಲ."

"ನಿನ್ನೆ ತುಂಬು ಗರ್ಭಿಣಿನ ಕೂರಿಸಿಕೊಂಡು ಗುಡ್ಡ ಇಳಿದೆ," ಎಂದರು ನರ್ಸಮ್ಮ ಮೆಲ್ಲಗೆ. "ಈ ಗಾಡಿಲೇ."

ಕ್ಯಾಟಲಾಗ್ ಎದ್ದು, ಮೊದಲ ಬಾರಿಗೆ ಗಾಡಿಯ ಮುಂದೆ ಮಂಡಿಯೂರಿ ನೋಡಿ, ಸರಿಯಾದ ಶಾಕ್ ತರಲು ಹೋದರು. ಯಜಮಾನರು ಮೆಕ್ಯಾನಿಕ್ಕಿನ ಹೆಗಲ ಮೇಲೆ ಕೈಯಿಟ್ಟು "ತಪ್ಪಾಯ್ತು ಕಣೋ" ಎಂದರು. ಅವರ ಬಾಯಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ.

ದೊಡ್ಡಮ್ಮ ಮೂಲೆಗೆ ಮರಳಿ ಸೂಜಿಗೆ ದಾರ ಪೋಣಿಸುತ್ತಿದ್ದರು. "ಒಂದು ಕ್ಷಣನೂ ನಿಮಗೆ ಅವನ ಮೇಲೆ ಅನುಮಾನ ಬರಲಿಲ್ವಾ ದೊಡ್ಡಮ್ಮ?" ಎಂದು ಅಕ್ಕ ಕೇಳಿದಳು.

"ಬಂತು. ರಬ್ಬರು ನೋಡೋವರೆಗೂ ಇತ್ತು. ನನಗೆ ಎಲ್ಲರ ಮೇಲೂ ಬರುತ್ತೆ, ಅದು ನನ್ನ ಕೆಲಸ." ದಾರ ಕಚ್ಚಿ ತುಂಡರಿಸಿದರು. "ನಿನ್ನ ಕೆಲಸ ಬೇರೆ ಇತ್ತು."

ಸಂಜೆ ಹೊಸ ಶಾಕ್, ಹೊಸ ಬುಶ್ ಎಲ್ಲ ಕೂತು, ಪಿಕಪ್ಪು ಗುಂಡಿಯ ಮೇಲೆ ಚಕ್ರಗಳೂರಿ ನಿಂತಿತು. ಹತ್ತು ವರ್ಷದಲ್ಲಿ ಒಮ್ಮೆಯೂ ಗುಂಡಿಗಿಳಿಯದ ಅಕ್ಕ ಸೀರೆ ಎತ್ತಿ ಕಟ್ಟಿ ಮೆಟ್ಟಿಲಿಳಿದಳು. ತಮ್ಮ ತಿರುಗಿ ನೋಡಲಿಲ್ಲ. ತಲೆಯ ಮೇಲೆ ಗಾಡಿಯ ಅಷ್ಟೂ ಭಾರ, ಅದರ ಕೆಳಗೆ ಅವನ ಎರಡು ಕೈ. ಬೋಲ್ಟು ಒಂದೊಂದು ಕೂದಲಳತೆ ತಿರುಗುವುದನ್ನು ಅವಳು ನೋಡುತ್ತ ನಿಂತಳು.

"ನಿನ್ನನ್ನ ಹಾಗೆ ಕೇಳಬಾರದಿತ್ತು," ಎಂದಳು.

"ಕೇಳಬಾರದಿತ್ತು," ಎಂದ ಅವನು. ಆಮೇಲೆ ಲ್ಯಾಂಪನ್ನು ಅವಳ ಕೈಗೆ ಕೊಟ್ಟ. "ಸ್ವಲ್ಪ ಈ ಕಡೆ ಹಿಡಿ ಅಕ್ಕ, ಕಾಣಿಸ್ತಿಲ್ಲ."