ಕವಚವೋ, ಕಾಲೋ

ಎಂಬತ್ತೆರಡನೇ ಇಸವಿಯಲ್ಲಿ ನೀಲಗಂಗಾ ಬರೆದ ಮೊದಲ ವೈಜ್ಞಾನಿಕ ಕತೆಯನ್ನು ಜಯನಗರದ ಪುಟ್ಟ ಮಾಸಪತ್ರಿಕೆಯ ಸಂಪಾದಕ ಚಲುವರಾಜು ತಿರಸ್ಕರಿಸಲಿಲ್ಲ. ತಿದ್ದಿ ತನ್ನಿ ಎಂದ. ಅವಳಿಗೆ ಅದೇ ಹೆಚ್ಚು ಉರಿಯಿತು.

“ನಿಮ್ಮ ಹೀರೋ ಅರ್ಧ ಮನುಷ್ಯ ಅರ್ಧ ಯಂತ್ರ ಆಗಿರೋ ಸೈಬಾರ್ಗ್ ಅಲ್ಲ ಮೇಡಂ.”

“ಮೈತುಂಬಾ ಕಬ್ಬಿಣ ಇದೆಯಲ್ಲ ಸಾರ್? ಬಸ್ಸನ್ನೇ ಎತ್ತುತ್ತಾನೆ!”

“ಸಂಜೆ ಮನೆಗೆ ಬಂದು ಅದನ್ನ ಬಿಚ್ಚಿ ಗೂಟಕ್ಕೆ ಹಾಕ್ತಾನೆ. ಆಮೇಲೆ ಹಾಯಾಗಿ ಮುದ್ದೆ ಉಣ್ತಾನೆ. ಬಿಚ್ಚಿದ್ರೂ ಮನುಷ್ಯ ಪೂರ್ತಿ ಇದ್ರೆ ಅದು ಯಂತ್ರಕವಚ. ಬಿಚ್ಚಿದ್ರೆ ಅವನೇ ಕಮ್ಮಿಯಾದ್ರೆ ಸೈಬಾರ್ಗ್.”

ಹೇಳುವಾಗ ಅವನ ಕಣ್ಣು ಅವಳ ಕಿವಿಯ ಬಳಿ ಜಾರಿದ್ದ ಕೂದಲಿನ ಮೇಲಿತ್ತು. ಅವಳಿಗದು ಗೊತ್ತಾಯಿತು. ಕೂದಲನ್ನು ಸರಿಮಾಡಿಕೊಳ್ಳಲಿಲ್ಲ.

ತಿದ್ದುವ ನೆಪ ಮುಗಿಯಲೇ ಇಲ್ಲ. ಕತೆಯ ಅಚ್ಚಿನ ಪ್ರೂಫ್ ಹಿಡಿದು ಅವನು ಹೊಸಕೆರೆಹಳ್ಳಿಯ ಅವಳ ಮನೆಯವರೆಗೂ ಬರತೊಡಗಿದ. ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ. ಒಳಗೆ ಬನ್ನಿ ಎಂದರೆ “ಇಲ್ಲೇ ಸರಿ”, ಕಾಫಿ ಎಂದರೆ “ಇನ್ನೊಂದ್ಸಲ”.

ತಾಯಿ ಗೌರಮ್ಮನಿಗೆ ಮೈ ಉರಿಯಿತು. “ನಮ್ಮನೆ ನೀರು ಅವನ ಗಂಟಲಲ್ಲಿ ಇಳಿಯಲ್ವೇನೇ? ಅದ್ಯಾವ ದೊಡ್ಡ ಜಾತಿಯಂತೆ? ಈ ಸಲಾನೂ ಆಚೆ ನಿಂತ್ರೆ ಇನ್ಮೇಲೆ ಬರ್ಲೇಬೇಡ ಅಂತ ನಾನೇ ಹೇಳ್ತೀನಿ.”

ನೀಲಗಂಗಾಳಿಗೆ ಅಳು ಬಂತು. ಅವನನ್ನು ಬಿಟ್ಟಿರುವುದು ತನ್ನಿಂದಾಗದು ಎಂದು ಆಗಲೇ ಅವಳಿಗೆ ತಿಳಿದದ್ದು. ಆದರೆ ತಾಯಿ ಪಟ್ಟ ಅವಮಾನವೂ ಸುಳ್ಳಲ್ಲ. ಭಾನುವಾರ ಅವನು ಬಂದಾಗ ನೇರವಾಗಿ ಕೇಳಿಯೇಬಿಟ್ಟಳು.

“ಒಳಗ್ ಯಾಕ್ ಬರಲ್ಲ? ನಮ್ಮನೆ ಅಷ್ಟು ಕೀಳಾ?”

ಅವನು ಗಾಬರಿಯಾದ. ಬಗ್ಗಿ ಬಲಗಾಲನ್ನು ಬೆರಳಿಂದ ತಟ್ಟಿದ. ಮರ ತಟ್ಟಿದ ಸದ್ದು ಬಂತು.

“ಮಂಡಿ ಕೆಳಗೆ ಕಾಲಿಲ್ಲ ನನಗೆ. ಲಾರಿ ಆಕ್ಸಿಡೆಂಟು. ಈ ಮರದ ಕಾಲು ಶೂ ಎತ್ತರ ಲೆಕ್ಕ ಹಾಕಿ ಮಾಡಿದ್ದು, ಶೂ ಬಿಚ್ಚಿದ್ರೆ ಎತ್ತರ ತಪ್ಪಿ ಬೀಳ್ತೀನಿ. ಶೂ ಹಾಕ್ಕೊಂಡು ನಿಮ್ಮ ದೇವರ ಮುಂದೆ ಓಡಾಡ್ಲಾ? ಹೇಳೋಕೆ ಭಯ ಆಯ್ತು. ಹೇಳಿದ್ಮೇಲೆ ನೀವು ಬೇರೆ ಥರ ನೋಡ್ಬಿಟ್ರೆ?”

ಅವನ ಬಿಗಿ ನಡಿಗೆಯನ್ನು ಇಷ್ಟು ದಿನ ಅವಳು ಜಂಬವೆಂದುಕೊಂಡಿದ್ದಳು. ನಾಚಿಕೆಯಾಯಿತು. ಆದರೂ ವಾದ ಬಿಡುವ ಹೆಣ್ಣಲ್ಲ.

“ಆ ಶೂ ಬಿಚ್ಚಿದ್ರೆ ನೀವೇ ಕಮ್ಮಿಯಾಗ್ತೀರಿ, ಅಲ್ವಾ?”

“ಹೂಂ.”

“ಹಾಗಾದ್ರೆ ಶೂನೂ ನಿಮ್ ಕಾಲೇ. ಕಾಲನ್ನ ಯಾರೂ ಹೊರಗೆ ಬಿಟ್ಟು ಬರಲ್ಲ. ಪಾಠ ಮಾಡ್ದೋರು ನೀವೇ.”

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಗೌರಮ್ಮ ಒದ್ದೆ ಬಟ್ಟೆ ತಂದು ಮಗಳ ಕೈಗಿತ್ತಳು. ನೀಲಗಂಗಾ ಕುಕ್ಕರಗಾಲಲ್ಲಿ ಕೂತು ಅವನ ಶೂಗಳ ಮಣ್ಣು ಒರೆಸತೊಡಗಿದಳು.

“ಬಿಡಿ ನೀಲಾ, ಆ ಕಾಲಿಗೇನೂ ಗೊತ್ತಾಗಲ್ಲ.”

“ನನಗ್ ಗೊತ್ತಾಗತ್ತೆ.”

ಅವನು ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಂದ. ಗೌರಮ್ಮ ಕುರ್ಚಿ ಎಳೆದು ಕೊಟ್ಟಳು.

“ಪ್ರೂಫ್ ತೋರ್ಸೋಕ್ ಬಂದ್ಯೇನಪ್ಪಾ, ಮಗಳನ್ನ ಕೇಳೋಕ್ ಬಂದ್ಯಾ?”

“ಕೇಳೋಕೇ ಬಂದೆ ಅಮ್ಮಾ,” ಎಂದ ಚಲುವರಾಜು, ನೀಲಗಂಗಾಳ ಮುಖವನ್ನೇ ನೋಡುತ್ತ.