ಉಪ್ಪು ಸರಿ ಇದೆಯಾ?

“ನಾಚಿಕೆ ಆಗಲ್ವಾ ನಿಮಗೆ? ಇವತ್ತು ರಂಜಾನಿನ ಮೊದಲನೇ ರೋಜಾ! ಗಡ್ಡ ಬೆಳ್ಳಗಾಗಿದೆ, ಕಳ್ಳ ಬೆಕ್ಕಿನ ಹಾಗೆ ಮೂಟೆ ಹಿಂದೆ ಕೂತು ಬಿಸ್ಕತ್ತು ತಿಂತಿದ್ದೀರಲ್ಲ!”

ಅಕ್ಕಿ ಮೂಟೆಗಳ ಹಿಂದಿನಿಂದ ಸ್ಟೋರ್ ಕೀಪರ್ ಎದ್ದು ನಿಂತ. ಐವತ್ತು ದಾಟಿದ ಮನುಷ್ಯ. ಕೈಯಲ್ಲಿ ಅರ್ಧ ಬಿಸ್ಕತ್ತು, ಗಡ್ಡದ ಮೇಲೆ ಪುಡಿ.

“ಸ್ವಲ್ಪ ಮೆಲ್ಲಗೆ ಮಾತಾಡಿ ಮೇಡಂ.”

“ಮೆಲ್ಲಗೆ ಯಾಕೆ? ತಿನ್ನೋರಿಗೆ ಇಲ್ಲದ ಭಯ ನೋಡಿದೋರಿಗೆ ಇರಬೇಕಾ?”

ಅವನು ಬಿಸ್ಕತ್ತನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಅವಳ ಪಕ್ಕದಿಂದಲೇ ಹೊರಗೆ ನಡೆದ. ಬೈಸಿಕೊಂಡವರು ತಿರುಗಿ ಬೈಯದಿದ್ದರೆ ಅವಳಿಗೆ ಇನ್ನೂ ಮೈ ಉರಿಯುತ್ತಿತ್ತು.

ಅವಳು ಆ ಕಾರ್ಖಾನೆಯ ಕ್ಯಾಂಟೀನಿಗೆ ಹೆಡ್ ಕುಕ್. ಹನ್ನೊಂದು ವರ್ಷದಿಂದ ದಿನಾ ಮುನ್ನೂರು ಜನರಿಗೆ ಬೇಯಿಸುತ್ತಿದ್ದಳು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತಾದ್ದರಿಂದ ಕಾರ್ಮಿಕರು ಬೆನ್ನ ಹಿಂದೆ ಕುಕ್ಕರ್ ಅಕ್ಕ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ ವಿಷಯ ಇಡೀ ಜೀವನದಲ್ಲಿ ಅದೊಂದೇ.

ಮೂಲೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಅಜ್ಜಿ ತಲೆ ಎತ್ತಿದಳು. “ಪಾಪ, ಹೆಂಡತಿ ಇಲ್ಲದ ಒಂಟಿ ಜೀವ, ಅವನು ದಿನಕ್ಕೆ ಎರಡು ಸಲ ಹೊಟ್ಟೆಗೆ ಸೂಜಿ ಚುಚ್ಕೋತಾನೆ ಕಣೆ. ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ರೆ ಬಿದ್ದೇ ಹೋಗ್ತಾನೆ. ಹೋದ ತಿಂಗಳು ನಾನೇ ಎತ್ತಿ ಕೂರಿಸಿದ್ದೆ.”

ಅವಳು ಅಜ್ಜಿಯ ಕಡೆ ತಿರುಗಿದಳು. “ಅದನ್ನ ಐದು ನಿಮಿಷ ಮುಂಚೆ ಹೇಳೋಕೇನಾಗಿತ್ತು ನಿಂಗೆ?”

“ನೀನು ಬಾಯಿ ಮುಚ್ಚಿದ್ರೆ ತಾನೆ ನಾನು ಬಿಡೋದು?”

ಕ್ಷಮೆ ಕೇಳುವುದು ಅವಳಿಗೆ ಅಭ್ಯಾಸವಿರಲಿಲ್ಲ. ಗಂಡ ತೀರಿಹೋಗಿ ಹದಿನಾಲ್ಕು ವರ್ಷ. ಅವನಿದ್ದಾಗಲೂ ಕೇಳಿದವಳಲ್ಲ. ಮರುದಿನ ಒಂದು ತಟ್ಟೆಯಲ್ಲಿ ಅನ್ನ, ಬೇಳೆ, ಬೇಯಿಸಿದ ತರಕಾರಿ ಹಾಕಿಕೊಂಡು ಸ್ಟೋರಿಗೆ ಹೋದಳು. ಕಾಲಿನಿಂದ ಕುರ್ಚಿಯನ್ನು ಮುಂದಕ್ಕೆ ಎಳೆದಳು.

“ಕೂತ್ಕೊಳ್ಳಿ. ತಿನ್ನಿ.”

“ಪರವಾಗಿಲ್ಲ, ಆಮೇಲೆ...”

“ತಿನ್ನಿ ಅಂದೆ. ಕಾಯಿಲೆ ಏನು ಕಳ್ಳತನಾನಾ, ಬಚ್ಚಿಟ್ಕೊಂಡು ತಿನ್ನೋಕೆ?”

ಅವನು ತಟ್ಟೆಯನ್ನೂ ಅವಳನ್ನೂ ನೋಡಿದ. ಕಣ್ಣಂಚಿನಲ್ಲಿ ನಗೆ ಸಣ್ಣಗೆ ಹೊಳೆಯಿತು. “ಇದು ಕ್ಷಮೆ ಕೇಳೋ ರೀತಿನಾ?”

“ಹೌದು. ನಮ್ಮ ಮನೇಲಿ ಹೀಗೇ ಕೇಳೋದು.”

ಅವನು ಕೂತ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಹಸಿದ ಹೊಟ್ಟೆಯಲ್ಲಿ ಇನ್ನೊಬ್ಬರು ಉಣ್ಣುವುದನ್ನು ನೋಡುವುದು ಕಷ್ಟವೆಂದು ಅವಳು ತಿಳಿದಿದ್ದಳು. ಅವತ್ತು ಏಕೋ ಕಷ್ಟವಾಗಲಿಲ್ಲ.

“ನಮ್ಮವರೆಲ್ಲ ರೋಜಾ ಹಿಡಿದಿರೋ ತಿಂಗಳಲ್ಲಿ ನಾನೊಬ್ಬನೇ ತಿನ್ನೋದು ಗಂಟಲಲ್ಲಿ ಇಳಿಯಲ್ಲ ಮೇಡಂ,” ಎಂದ ಅವನು. “ಬಿಟ್ಟ ಒಂದೊಂದು ದಿನಕ್ಕೂ ಒಬ್ಬೊಬ್ಬ ಬಡವರಿಗೆ ಊಟ ಹಾಕ್ತೀನಿ. ಆದ್ರೂ ಈ ತಿಂಗಳು ನಂದಲ್ಲ ಅನಿಸುತ್ತೆ. ಮದುವೆ ಮನೆ ಮುಂದೆ ಚಪ್ಪಲಿ ಕಾಯೋನ ಹಾಗೆ.”

ಅವಳಿಗೂ ಒಂದು ಸಂಕಟವಿತ್ತು. ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿಬಿಟ್ಟಳು. ತಿಂಗಳ ಮುಟ್ಟು ನಿಂತು, ಮೂವತ್ತೂ ರೋಜಾ ಹಿಡಿಯಬಹುದಾದ ವಯಸ್ಸು ಈಗ ಬಂದಿದೆ. ಒಂದು ವರ್ಷವಾದರೂ ಸಂಶಯವಿಲ್ಲದೆ ಅಷ್ಟನ್ನೂ ಹಿಡಿಯಬೇಕು, ಕುರಾನಿನ ಮೂವತ್ತು ಭಾಗವನ್ನೂ ಓದಿ ಮುಗಿಸಬೇಕು. ಆದರೆ ಓದಲು ಪುರುಸೊತ್ತಿಲ್ಲ. ಅದಕ್ಕಿಂತ ದೊಡ್ಡ ಕಾಟ ಉಪ್ಪಿನದು. ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದರೆ ರೋಜಾ ಮುರಿಯುವುದಿಲ್ಲ ಎಂದು ಮಸೀದಿಯ ಗುರುಗಳು ಹೇಳಿದ್ದರು. ಒಂದು ಪಾತ್ರೆಯಾದರೆ ಸರಿ. ಇವಳದು ದಿನಕ್ಕೆ ಎಂಟು ದೊಡ್ಡ ಪಾತ್ರೆ. ಉಗುಳಿದೆನೋ ನುಂಗಿದೆನೋ ತನಗೇ ತಿಳಿಯದೆ, ಪ್ರತಿ ವರ್ಷ ಹಬ್ಬದ ಚಂದ್ರ ಕಂಡರೂ ಮನಸ್ಸು ತುಂಬುತ್ತಿರಲಿಲ್ಲ. ಈ ವರ್ಷ ಎರಡು ದಿನ ನಾಲಿಗೆಗೆ ಮುಟ್ಟಿಸದೆ ಅಂದಾಜಿನಲ್ಲೇ ಉಪ್ಪು ಹಾಕಿ, ಉಣ್ಣುವವರ ದೂರು ಕೇಳಿದ್ದಳು.

“ನೀವು ಹೇಗೂ ತಿಂತೀರಲ್ಲ,” ಎಂದಳು. “ಉಪ್ಪು ನೋಡಿ ಹೇಳ್ತೀರಾ?”

ಅವನ ಕೈ ತಟ್ಟೆಯ ಮೇಲೆ ತಡೆದು ನಿಂತಿತು. ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಬಾಯಿ ಮುಚ್ಚಿದ.

“ಹೇಳ್ತೀನಿ,” ಎಂದ.

ಮಾರನೆಯ ದಿನದಿಂದ ಹೊಸ ಕ್ರಮ ಶುರುವಾಯಿತು. ಅವಳು ಸೌಟು ಚಾಚಿ, “ಉಪ್ಪು ಸರಿ ಇದೆಯಾ?” ಎನ್ನುವಳು. ಅವನು ಚಮಚದಲ್ಲಿ ತೆಗೆದುಕೊಂಡು ಮೊದಲು ಅವಳನ್ನೊಮ್ಮೆ ನೋಡುವನು. ಆಮೇಲೆ ಚಪ್ಪರಿಸಿ, ಕಣ್ಣು ಮುಚ್ಚಿ, ಹುಬ್ಬೆತ್ತಿ, ದೊಡ್ಡ ಪಂಡಿತನ ಹಾಗೆ ಯೋಚಿಸಿ, “ಒಂಚೂರು ಬೇಕು” ಎಂದೋ, “ಬಹಳ ಸರಿಯಾಗಿದೆ” ಎಂದೋ ತೀರ್ಪು ಕೊಡುವನು. ಒಂದು ದಿನವೂ ತಪ್ಪಲಿಲ್ಲ. ಉಣ್ಣುವವರಿಂದ ಒಂದು ದೂರೂ ಬರಲಿಲ್ಲ.

“ಚಿನ್ನದ ನಾಲಿಗೆ ನಿಮ್ಮದು,” ಎಂದಳು ಒಮ್ಮೆ.

ಅವನು ಕೆಮ್ಮಿದ.

ವಾರ ಕಳೆಯುವಷ್ಟರಲ್ಲಿ ಅವನು ಇನ್ನೊಂದು ಕೆಲಸ ಮಾಡಿದ. ಅವಳ ದಿನವನ್ನು ತನ್ನ ಸ್ಟೋರಿನ ಹಾಗೆ ಮೂಲೆಮೂಲೆ ಹುಡುಕಿದ. ಒಂದು ಚೀಟಿ ಹಿಡಿದು ಬಂದು ಒಲೆಯ ಪಕ್ಕ ನಿಂತ.

“ತರಕಾರಿ ಹಿಂದಿನ ಸಂಜೇನೇ ತೂಗಿ ಕೊಟ್ಟುಬಿಡ್ತೀನಿ. ಬೆಳಿಗ್ಗೆ ನನ್ನ ಬಾಗಿಲಲ್ಲಿ ಕಾಯೋ ಹೊತ್ತು ಉಳಿಯುತ್ತೆ. ಹನ್ನೊಂದಕ್ಕೆ ಅಕ್ಕಿ ಹಾಕಿದ ಮೇಲೆ ಇಪ್ಪತ್ತು ನಿಮಿಷ ನೀವು ಬರೀ ಪಾತ್ರೆ ನೋಡ್ತಾ ನಿಲ್ತೀರಿ. ಆ ಹೊತ್ತು ನಾನು ನಿಲ್ತೀನಿ. ನೀವು ಸ್ಟೋರಲ್ಲಿ ಕೂತು ಓದಿ. ಇಲ್ಲಿ ಎಂಟು ಪುಟ, ಮಿಕ್ಕಿದ್ದು ಮನೇಲಿ. ಹಬ್ಬದ ಹೊತ್ತಿಗೆ ಮುಗಿಯುತ್ತೆ.”

ಅವಳಿಗೆ ಸೀರೆ ಕೊಟ್ಟವರಿದ್ದರು, ಬಳೆ ಕೊಟ್ಟವರಿದ್ದರು. ಇಪ್ಪತ್ತು ನಿಮಿಷ ಕೊಟ್ಟವರು ಯಾರೂ ಇರಲಿಲ್ಲ.

“ಅನ್ನ ತಳ ಹತ್ತಿದರೆ ನೋಡಿ!” ಎಂದು ಗದರಿದಳು. ಗದರದಿದ್ದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಸ್ಟೋರಿನಲ್ಲಿ ಸೆಣಬಿನ ವಾಸನೆ, ಸಣ್ಣ ಕಿಟಕಿಯಿಂದ ಒಂದು ತುಂಡು ಬಿಸಿಲು. ಅವಳು ಬೆರಳಿಟ್ಟು ಮೆಲ್ಲಗೆ ಓದುವಳು. ನಡುವೆ ತಲೆ ಎತ್ತಿದರೆ ತೆರೆದ ಬಾಗಿಲಾಚೆ ಅವನು ಹಬೆಯ ನಡುವೆ ನೆಟ್ಟಗೆ ನಿಂತಿರುವನು, ಅನ್ನದ ಪಾತ್ರೆ ಎದ್ದು ಓಡಿಹೋಗುತ್ತದೆಯೇನೋ ಎಂಬಂತೆ. ಅವಳಿಗೆ ನಗು ಬರುವುದು. ಓದುವಾಗ ನಗಬಾರದೆಂದು ಹಲ್ಲು ಕಚ್ಚಿ ಪುಟ ತಿರುಗಿಸುವಳು.

ಮನೆಯಲ್ಲಿ ಮಗಳ ಕಣ್ಣು ಚುರುಕು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ಯಾರು ಏನು ಮುಚ್ಚಿಡುತ್ತಾರೆಂದು ಬೇಗ ತಿಳಿಯುತ್ತದೆ.

“ಅಮ್ಮೀ, ಹೊಗೆ ಕುಡಿಯೋ ಅಡುಗೆಮನೆಗೆ ಇಸ್ತ್ರಿ ಬಟ್ಟೆ ಯಾಕೆ?”

“ರಂಜಾನ್ ಅಲ್ವಾ.”

“ಹೋದ ವರ್ಷಾನೂ ರಂಜಾನ್ ಬಂದಿತ್ತಲ್ಲ.”

“ಬಾಯಿ ಮುಚ್ಕೊಂಡು ಸ್ಕೂಲಿಗೆ ಹೋಗು.”

ಇಪ್ಪತ್ತಾರು ದಿನ ಕಳೆದವು. ಇಪ್ಪತ್ತಾರು ರೋಜಾ, ಒಂದರಲ್ಲೂ ಸಂಶಯವಿಲ್ಲ. ಇಪ್ಪತ್ತಾರು ಭಾಗ ಓದಾಗಿತ್ತು.

ಇಪ್ಪತ್ತೇಳನೆಯ ದಿನ ಹೆಡ್ ಆಫೀಸಿನವರು ತಪಾಸಣೆಗೆ ಬಂದರು. ಅಡುಗೆಮನೆಯಲ್ಲಿ ಎಲ್ಲರೂ ಮಾಸ್ಕ್ ಹಾಕಲೇಬೇಕೆಂದು ಮ್ಯಾನೇಜರು ಬೆಳಿಗ್ಗೆಯೇ ಹಂಚಿದ್ದರು, ಕಣ್ಣ ಕೆಳಗಿನಿಂದ ಗದ್ದದವರೆಗೆ ಮುಚ್ಚುವಂಥದು. ಅವಳು ಬೇಳೆಗೆ ಉಪ್ಪು ಹಾಕಿ ಓದಲು ಕೂತಳು. ಎದ್ದು ಬಂದಾಗ ಮನಸ್ಸು ಇನ್ನೂ ಪುಟದಲ್ಲೇ ಇತ್ತು. ಕೈ ತನ್ನ ಪಾಡಿಗೆ ತಾನು ಇನ್ನೊಂದು ಸಲ ಉಪ್ಪು ಹಾಕಿತು. ಹೆಚ್ಚಾಯಿತೇನೋ ಎಂಬ ಅನುಮಾನಕ್ಕೆ ಮಾಸ್ಕಿನ ಮರೆಯಲ್ಲಿ ಅವಳ ಬಾಯಿ ಸೊಟ್ಟಗಾಯಿತು.

“ಉಪ್ಪು ಸರಿ ಇದೆಯಾ?” ಎಂದಳು ಮಾಸ್ಕಿನೊಳಗಿಂದ.

ಅವನು ಚಮಚ ಹಿಡಿದು ಅವಳನ್ನು ನೋಡಿದ. ಎಂದಿಗಿಂತ ಹೆಚ್ಚು ಹೊತ್ತು ನೋಡಿದ. ತಬ್ಬಿಬ್ಬಾದವನ ಹಾಗೆ ಕಂಡ.

“ಸರಿ ಇದೆ,” ಎಂದ.

ಮೊದಲ ಪಂಕ್ತಿಯಲ್ಲಿ ಕೂತಿದ್ದ ಹೆಡ್ ಆಫೀಸಿನವರು ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು. ಒಬ್ಬರು ಎದ್ದು ನೀರಿಗೆ ಓಡಿದರು. ಆಮೇಲಿನ ಅರ್ಧ ಗಂಟೆ ನರಕ. ಉಪ್ಪಿಲ್ಲದ ಬೇಳೆ ಬೇಯಿಸಿ ಬೆರೆಸಿ, ಹೇಗೋ ಮುನ್ನೂರು ಜನರಿಗೆ ಬಡಿಸಿ ಮುಗಿಸುವಷ್ಟರಲ್ಲಿ ಮ್ಯಾನೇಜರು ಕೆಂಪಗಾಗಿ ಬಂದು ನಿಂತರು.

“ಯಾರು ರುಚಿ ನೋಡಿದ್ದು?”

“ನಾನೇ ಅಂದ್ಕೊಳ್ಳಿ,” ಎಂದಳು.

“ಸುಳ್ಳು. ನೀವು ಉಪವಾಸ. ನಾಳೆಯಿಂದ ರುಚಿ ನೀವೇ ನೋಡ್ಬೇಕು, ನನ್ನೆದುರಿಗೆ, ಬಾಯಿ ತುಂಬ. ಇನ್ನು ಮೂರು ದಿನ ತಾನೆ? ರೋಜಾ ಬಿಡಿ, ಇಲ್ಲ ಸೌಟು ಬಿಡಿ. ಯೋಚನೆ ಮಾಡಿ ಹೇಳಿ.”

ಮ್ಯಾನೇಜರು ಹೋದರು. ಅವಳು ಮಾಸ್ಕ್ ಕಿತ್ತೆಸೆದು, ಸೌಟು ಹಿಡಿದುಕೊಂಡೇ ಸ್ಟೋರಿಗೆ ನುಗ್ಗಿದಳು.

“ನಾಲಿಗೆ ಬಿದ್ದು ಹೋಗಿತ್ತಾ ನಿಮಗೆ? ಸಮುದ್ರದ ಹಾಗಿತ್ತು ಬೇಳೆ! ಸರಿ ಇದೆ ಅಂದ್ರಲ್ಲ!”

ಅವನು ಓಡಲಿಲ್ಲ, ತಲೆ ತಗ್ಗಿಸಲೂ ಇಲ್ಲ. “ಹೌದು, ಬಿದ್ದು ಹೋಗಿದೆ,” ಎಂದ. “ಎರಡು ವರ್ಷದ ಹಿಂದೆ ಒಂದು ಜ್ವರ ಬಂತು. ಹೋಗುವಾಗ ರುಚಿ, ವಾಸನೆ ಎರಡನ್ನೂ ಹೊತ್ಕೊಂಡು ಹೋಯ್ತು. ನನಗೆ ಉಪ್ಪೂ ಒಂದೇ, ಸಕ್ಕರೆಯೂ ಒಂದೇ.”

ಸೌಟು ಅವಳ ಕೈಯಲ್ಲಿ ಅರ್ಧಕ್ಕೇ ನಿಂತಿತು. “ಮತ್ತೆ ಇಷ್ಟು ದಿನ? ಒಂದು ದಿನಾನೂ ತಪ್ಪಲಿಲ್ಲವಲ್ಲ?”

“ಉಪ್ಪು ಹದವಾಗಿ ಬಿದ್ದಿರೋ ದಿನ ನೀವು ಸೌಟನ್ನ ಕತ್ತಿ ಥರ ಚಾಚಿ ಕೇಳ್ತೀರಿ. ಕಡಿಮೆಯಾಗಿದೆಯೇನೋ ಅಂತ ಅನುಮಾನ ಇದ್ದ ದಿನ ಕೆಳತುಟಿ ಕಚ್ಕೊಂಡು ಕೇಳ್ತೀರಿ. ತುಟಿ ಕಚ್ಚಿದ ದಿನ ಒಂಚೂರು ಬೇಕು ಅಂತಿದ್ದೆ. ಅಡುಗೆ ನಿಮ್ಮ ಕೈಗೆ ಗೊತ್ತು ಮೇಡಂ. ನಾನು ನಿಮ್ಮ ಮುಖ ನೋಡಿ ಓದಿ ಹೇಳ್ತಿದ್ದೆ, ಅಷ್ಟೆ.” ಅವನ ದನಿ ತಗ್ಗಿತು. “ಇವತ್ತು ಮಾಸ್ಕ್ ಇತ್ತು.”

ಇಷ್ಟು ದಿನ ಈ ಮನುಷ್ಯ ನೋಡಿದ್ದು ಸಾರನ್ನಲ್ಲ, ತನ್ನ ತುಟಿಯನ್ನು! ಐವತ್ತನೆಯ ವಯಸ್ಸಿನಲ್ಲಿ ಅವಳಿಗೆ ಕಿವಿಯವರೆಗೂ ಬಿಸಿ ಏರಿತು.

“ಮೊದಲ ದಿನವೇ ಹೇಳೋಕೇನಾಗಿತ್ತು?”

“ಹೇಳಿದ್ದರೆ ಇನ್ನೊಬ್ಬರನ್ನ ಕೇಳ್ತಿದ್ರಿ. ಈ ತಿಂಗಳಲ್ಲಿ ನನಗೂ ಒಂದು ಜಾಗ ಸಿಕ್ಕಿತ್ತು. ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ.” ಅವನು ಕೈ ಮುಗಿದ. “ಈಗ ನನ್ನಿಂದ ನಿಮ್ಮ ಕೆಲಸಕ್ಕೇ ಕುತ್ತು ಬಂತು. ಮ್ಯಾನೇಜರ ಹತ್ತಿರ ಹೋಗಿ ತಪ್ಪು ನಂದು ಅಂತ ಹೇಳ್ತೀನಿ. ನೀವು ಸೌಟು ಬಿಡಬೇಡಿ.”

“ನಿಮ್ಮ ಬುದ್ಧಿ ಯಾರು ಕೇಳಿದ್ರು?” ಅವಳು ಸೌಟನ್ನು ಅಕ್ಕಿ ಮೂಟೆಯ ಮೇಲೆ ಇಟ್ಟಳು. ಏಪ್ರನ್ ಬಿಚ್ಚಿ ಮಡಿಸಿ ಅದರ ಪಕ್ಕ ಇಟ್ಟಳು. “ಹನ್ನೊಂದು ವರ್ಷ ಕುದಿಸಿದ ಕೈ ಇದು. ಯಾವ ಒಲೆ ಮುಂದೆ ನಿಂತರೂ ಅನ್ನ ಬೇಯುತ್ತೆ. ಈ ಮೂರು ದಿನ ಮಾತ್ರ ನನಗೆ ಬೇರೆಲ್ಲೂ ಸಿಗಲ್ಲ.”

“ಮೇಡಂ...”

“ಮೇಡಂ ಅನ್ನೋದು ಬಿಡಿ. ನನ್ನ ಮಾತು ಕೇಳಿ. ನಾನು ಬೈತೀನಿ, ನೀವು ಬೈಸ್ಕೋತೀರಿ. ನಾನು ಏನು ಬೇಯಿಸಿ ಹಾಕಿದ್ರೂ ರುಚಿ ಇಲ್ಲ ಅಂತ ನೀವು ದೂರೋ ಹಾಗಿಲ್ಲ. ಇಂಥ ಗಂಡ ನನಗೆ ಇನ್ನೆಲ್ಲಿ ಸಿಗ್ತಾನೆ?”

ಹೊರಗೆ ಅಜ್ಜಿಯ ಕೈಯಿಂದ ಏನೋ ಠಣ್ ಎಂದು ಬಿತ್ತು.

ಅವನು ಮೂಟೆಯ ಅಂಚು ಹಿಡಿದುಕೊಂಡ. “ನನಗೆ ಕಾಯಿಲೆ ಇದೆ. ದಿನಕ್ಕೆ ಎರಡು ಸೂಜಿ.”

“ಚುಚ್ಚೋದು ನನಗೂ ಬರುತ್ತೆ. ಕೋಪ ಬಂದ ದಿನ ಇನ್ನೂ ಚೆನ್ನಾಗಿ ಚುಚ್ತೀನಿ.”

ಅವನು ನಕ್ಕ. ಇಷ್ಟು ದಿನ ಕಣ್ಣಂಚಿನಲ್ಲೇ ಉಳಿದಿದ್ದ ನಗೆ ಅವತ್ತು ಬಾಯಿ ತುಂಬ ಬಂತು. ನಗುತ್ತಲೇ ಕಣ್ಣೊರೆಸಿಕೊಂಡ. “ಹಬ್ಬಕ್ಕೆ ಮೊದಲೋ, ಆಮೇಲೋ?”

“ಮೊದಲು ನಾಲ್ಕು ಭಾಗ ಓದಿ ಮುಗಿಸ್ತೀನಿ. ಆಮೇಲೆ ನೀವೇ ಮನೆಗೆ ಬಂದು ಮಗಳನ್ನ ಕೇಳಿ. ಅವಳು ಹ್ಞೂಂ ಅನ್ನೋಕೆ ತುದಿಗಾಲಲ್ಲಿ ನಿಂತಿದ್ದಾಳೆ.”

ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಕುರಾನನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಹೊರಟಳು. ಅಡುಗೆಮನೆ ದಾಟಿದಳು, ಊಟದ ಹಾಲ್ ದಾಟಿದಳು. ಮ್ಯಾನೇಜರ ಬಾಗಿಲು ತೆರೆದೇ ಇತ್ತು. ಅವಳು ಅಲ್ಲಿ ನಿಲ್ಲಲಿಲ್ಲ. ಗೇಟಿನಲ್ಲಿ ಕಾವಲುಗಾರ ಎದ್ದ.

“ಅಕ್ಕ, ಇಷ್ಟು ಬೇಗ? ವಾಪಸ್ ಎಷ್ಟು ಹೊತ್ತಿಗೆ?”

“ಇಲ್ಲ ಕಣಪ್ಪ,” ಎಂದಳು. ಆ ಅಡುಗೆಮನೆಗೆ ಅವಳು ಮತ್ತೆ ಕಾಲಿಡಲಿಲ್ಲ.

ರಸ್ತೆಯಲ್ಲಿ ಮಧ್ಯಾಹ್ನದ ಬಿಸಿಲು ಚುರುಗುಡುತ್ತಿತ್ತು. ಹಿಂದೆ ಗೇಟು ಇನ್ನೊಮ್ಮೆ ಕಿರುಗುಟ್ಟಿತು. ಯಾರೋ ಏದುಸಿರು ಬಿಡುತ್ತ ಬರುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ. ಹೆಜ್ಜೆ ಮಾತ್ರ ಸ್ವಲ್ಪ ನಿಧಾನ ಮಾಡಿದಳು.