ಹಿಂದಕ್ಕೆ ಹತ್ತು ಅಡಿ

ಕಿಶೋರ ಮೊದಲ ಸಲ ಮನೆಗೆ ಬಂದ ಭಾನುವಾರವೇ ನೀತಾ ಅವನಿಗೆ ಒಂದು ಸುಳ್ಳು ಹೇಳಿದಳು.

ಅವನು ಬೈಕಿನಿಂದ ಒಂದು ಚೀಲ, ಒಂದು ರಟ್ಟಿನ ಡಬ್ಬ ಇಳಿಸಿ, ಪಾರ್ಕಿಂಗಿನ ಮೂಲೆಯಲ್ಲಿ ನಿಂತಿದ್ದ ಬೂದು ಬಣ್ಣದ ಕಾರಿನ ಸುತ್ತ ಒಂದು ಸುತ್ತು ಹಾಕಿದ. ಒಳಗೆ ಬಗ್ಗಿ ಡ್ಯಾಶ್‌ಬೋರ್ಡ್ ನೋಡಿ ಕೇಳಿದ: "ಗಾಡಿ ಯಾರು ಓಡಸ್ತಾರ್ರಿ ಮ್ಯಾಡಂ? ಸ್ಕ್ರೀನು ಅವರ ಕಣ್ಣಿಗೆ ಸರಿ ಬರಬೇಕಲ್ಲ."

"ಯಾರೂ ಓಡಸಂಗಿಲ್ಲ," ಅಂದಳು ನೀತಾ. "ನನಗ ಗಾಡಿ ಬರೂದಿಲ್ಲ."

ಮೊದಲ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಸೋದರತ್ತೆ ಭೀಮವ್ವ ಒಂದು ಕ್ಷಣ ಕೈ ನಿಲ್ಲಿಸಿದಳು.

ನೀತಾಗೆ ಗಾಡಿ ಚೆನ್ನಾಗಿಯೇ ಬರುತ್ತಿತ್ತು. ಕಾರು ಅವಳದೇ. ಧನಕವಡಿಯ ಈ ಮನೆಯಿಂದ ತಾನು ಲೈಬ್ರರಿಯಲ್ಲಿ ಕೆಲಸ ಮಾಡುವ ಕಾಲೇಜಿಗೆ ಆರು ವರ್ಷ ಅದರಲ್ಲೇ ಓಡಾಡಿದ್ದಳು. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಕಾರನ್ನು ಹಿಂದಕ್ಕೆ ತೆಗೆಯುವಾಗ, ಕಾಯಿಪಲ್ಲೆ ತರಲು ಹೊರಟಿದ್ದ ಅತ್ತೆ ಹಿಂದೆ ಬಂದದ್ದು ಕಾಣಲಿಲ್ಲ. ಕನ್ನಡಿ ನೋಡಿದ್ದಳು, ಎರಡು ಸಲ ನೋಡಿದ್ದಳು. ಆದರೂ ಒಂದು ಸಣ್ಣ ಸದ್ದು ಕೇಳಿಸಿತು. ಭೀಮವ್ವನ ಎಡಗಾಲು ಮುರಿದಿತ್ತು. ಅಂದಿನಿಂದ ನೀತಾ ಡ್ರೈವರ್ ಸೀಟಿನಲ್ಲಿ ಕೂತಿರಲಿಲ್ಲ. ಬ್ಯಾಟರಿ ಹಾಳಾಗದಿರಲೆಂದು ಪಕ್ಕದ ಮನೆಯ ಭುಜಂಗ ಕಾಕಾ ವಾರಕ್ಕೊಮ್ಮೆ ಬಂದು ಸ್ಟಾರ್ಟ್ ಮಾಡಿ ಹೋಗುತ್ತಿದ್ದರು.

ಕಿಶೋರನನ್ನು ಹುಡುಕಿದವಳು ಅತ್ತೆಯೇ. ಹಿಂದಿನ ಗಲ್ಲಿಯಲ್ಲಿ ಯಾರದೋ ಕಾರಿಗೆ ಸ್ಕ್ರೀನ್ ಹಾಕುತ್ತ ಅವನು ಈ ಮರಾಠಿ ಊರಿನಲ್ಲಿ ಫೋನಿನಲ್ಲಿ ತಾಯಿಯ ಜೊತೆ ಕನ್ನಡ ಮಾತಾಡುವುದನ್ನು ಕೇಳಿ, ಅಲ್ಲೇ ನಿಲ್ಲಿಸಿ ವಿಚಾರಿಸಿದ್ದಳು. ಅವನಿಗೆ ಚಾಕಣದ ಒಂದು ಕಾರ್ಖಾನೆಯಲ್ಲಿ ಕಾರುಗಳ ವೈರಿಂಗ್ ಕಟ್ಟುವ ಕೆಲಸ, ರಜೆಯ ದಿನ ಮನೆಮನೆಗೆ ಹೋಗಿ ಸ್ಟೀರಿಯೊ, ಸ್ಕ್ರೀನ್ ಹಾಕಿಕೊಡುವುದು. "ಹಳೀ ರೇಡಿಯೋದ ಗುಂಡಿ ತಿರುಗೂದಿಲ್ಲ. ನನಗ ಗಾಡ್ಯಾಗ ಭಜನಿ ಕೇಳಬೇಕಾಗ್ಯದ," ಎಂದು ಮನೆಯಲ್ಲಿ ಹೇಳಿದ್ದಳು. ನಿಂತ ಗಾಡಿಯಲ್ಲಿ ಭಜನೆ ಯಾಕೆ ಎಂದು ನೀತಾ ಕೇಳಲಿಲ್ಲ. ಕಾಲು ಮುರಿದಂದಿನಿಂದ ಅತ್ತೆ ಕೇಳಿದ್ದಕ್ಕೆಲ್ಲ ಅವಳು ಹೂಂ ಅನ್ನುತ್ತಿದ್ದಳು.

ಕಿಶೋರ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದ. ಎಡಗಡೆ ಸೀಟಿನಲ್ಲಿ ಕೂತು, ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಡ್ಯಾಶ್‌ಬೋರ್ಡಿನ ಸಂದಿಗೆ ತೂರಿಸಿ ಮೆಲ್ಲಗೆ ಮೀಟಿದ. ಟಕ್ ಟಕ್ ಎಂದು ಲಾಕುಗಳು ಬಿಟ್ಟವು. ನೀತಾ ಬಾಗಿಲ ಹೊರಗೆ ಸ್ಟೀಲ್ ಬಟ್ಟಲು ಹಿಡಿದು ನಿಂತಿದ್ದಳು. ಅವನು ಒಂದೊಂದೇ ಸ್ಕ್ರೂ ಅದಕ್ಕೆ ಹಾಕುತ್ತಿದ್ದ. ಹಾಕುವಾಗ ಪ್ರತಿ ಸಲ ಬಟ್ಟಲನ್ನು ನೋಡಿದ, ಅವಳನ್ನು ನೋಡಲಿಲ್ಲ. ಐದನೆಯ ಸ್ಕ್ರೂಗೆ ನೋಡಿದ. ಆ ಸ್ಕ್ರೂ ಬಟ್ಟಲಿನ ಹೊರಗೆ ಬಿತ್ತು.

ಇಬ್ಬರೂ ಒಟ್ಟಿಗೆ ಬಗ್ಗಿ ಹುಡುಕಿದರು.

"ಇಷ್ಟೊಂದು ತಂತಿ ಇರ್ತಾವೇನ್ರಿ ಒಳಗ?" ಹಳೆಯ ಸ್ಟೀರಿಯೊ ಹೊರಬಂದಾಗ ನೀತಾ ಕೇಳಿದಳು.

"ಇವು ಕಮ್ಮಿರಿ. ಕಾರ್ಖಾನ್ಯಾಗ ದಿನಾ ಇದರ ನಾಕು ಪಟ್ಟು ಕಟ್ತೀನಿ. ಕನಸಿನ್ಯಾಗೂ ಟೇಪ್ ಸುತ್ತತೀನಿ. ಒಮ್ಮೆ ಹಾಸಿಗ್ಯಾಗ ನಮ್ಮವ್ವನ ಸೀರಿ ಸೆರಗು ಸುತ್ತಿ ಬಿಗದಿದ್ದೆ."

ನೀತಾ ನಕ್ಕಳು. ಆ ಜಾಗದಲ್ಲಿ ನಿಂತು ನಕ್ಕು ಎಂಟು ತಿಂಗಳಾಗಿತ್ತು. ತನ್ನ ನಗು ತನಗೇ ಕೇಳಿಸಿ ಸುಮ್ಮನಾದಳು. ಅವನು ಕತ್ತೆತ್ತಿ ನೋಡಿದ, ಇನ್ನೊಮ್ಮೆ ಆ ಸದ್ದು ಬರುತ್ತದೇನೋ ಎಂಬಂತೆ.

ಆದರೆ ಕೆಲಸ ಅಂದು ಮುಗಿಯಲಿಲ್ಲ. ಹೊಸ ಸ್ಕ್ರೀನಿನ ಜೊತೆ ಬಂದ, ತಂತಿಗೆ ತಂತಿ ಕೂಡಿಸುವ ಕಪ್ಲರ್ ಬೇರೆ ಮಾಡೆಲ್‌ನದು. ಕಾರಿನ ತಂತಿಗಳ ಬಾಯಿಗೆ ಅದು ಕೂಡಲಿಲ್ಲ.

"ಕತ್ತರಿಸಿ ಜೋಡಸಾಕ ಬರೂದಿಲ್ಲೇನು?"

"ಬರ್ತದರಿ. ಆದ್ರ ಕಂಪನಿ ತಂತಿ ಒಮ್ಮೆ ಕತ್ತರಿಸಿದ್ರ ಮೊದಲಿನಂಗ ಆಗೂದಿಲ್ಲ. ಸರಿಯಾದ ಕಪ್ಲರ್ ನಿಮ್ಮ ವಿಳಾಸಕ್ಕ ತರಿಸ್ತೀನಿ. ಒಂದು ವಾರ ತಡೀರಿ."

ಅಂದು ಹಿಂಬದಿಯ ನಂಬರ್ ಪ್ಲೇಟಿನ ಮೇಲೆ ಒಂದು ಸಣ್ಣ ಕ್ಯಾಮೆರಾ ಕೂಡಿಸಿ ಅದರ ತಂತಿ ಎಳೆದು ಹೋದ. ಕ್ಯಾಮೆರಾ ಸ್ಕ್ರೀನಿನ ಜೊತೆ ಬಂದಿದ್ದಿರಬೇಕು ಎಂದುಕೊಂಡಳು ನೀತಾ.

ಆ ವಾರ ಲೈಬ್ರರಿಯಲ್ಲಿ ಪುಸ್ತಕಗಳಿಗೆ ಚೀಟಿ ಅಂಟಿಸುತ್ತ ಅವಳು ಮತ್ತೆ ಮತ್ತೆ ಫೋನ್ ನೋಡಿದಳು. ಸೋಮವಾರ ಕಿಶೋರನ ಮೆಸೇಜ್ ಬಂತು: "ಕಪ್ಲರ್ ನಾಗಪುರಕ್ಕ ಬಂದದ." ಬುಧವಾರ ಅವಳೇ ಕೇಳಿದಳು: "ಈಗ ಎಲ್ಲಿ?" "ನಾಗಪುರದಾಗ." ಶುಕ್ರವಾರ ಮತ್ತೆ: "ಇನ್ನೂ ನಾಗಪುರದಾಗ. ಅಲ್ಲೇ ಸಂಸಾರ ಹೂಡ್ಯದ ಕಾಣಸ್ತದ." ಓದಿ ನಕ್ಕು, ಚೀಟಿಯನ್ನು ತಲೆಕೆಳಗಾಗಿ ಅಂಟಿಸಿದಳು.

ಕಪ್ಲರ್ ಬಾರದಿದ್ದರೂ ಭಾನುವಾರ ಅವನು ಬಂದ. "ಬರೇ ಹಿಂದಿನ ತಂತಿ ಚೆಕ್ ಮಾಡಿ ಹೋಗ್ತೀನಿ," ಎಂದ. ಅಂಗಿ ಇಸ್ತ್ರಿ ಆಗಿತ್ತು. ಭೀಮವ್ವ ಮೇಲಿನಿಂದ ಚಹಾ ಕಳಿಸಿದಳು. ಬಾನೆಟ್ಟಿಗೆ ಒರಗಿ ಇಬ್ಬರೂ ಕುಡಿಯುವಾಗ ಅವನು ಬಿಲ್ಡಿಂಗನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ.

"ಇದನ್ನ ಕಟ್ಟುವಾಗ ನಮ್ಮವ್ವ ಇಲ್ಲೇ ಕೆಲಸಕ್ಕಿದ್ಲರಿ. ಇಟ್ಟಂಗಿ ಹೊರತಿದ್ಲು. ನೀರಿನ ಟಾಕಿ ಅದಲ್ಲ, ಅಲ್ಲಿ ನಮ್ಮ ತಗಡಿನ ಶೆಡ್ ಇತ್ತು. ನನಗ ಆರು ವರ್ಷ ಆಗ." ಹೇಳಿ ಅವಳ ಮುಖ ನೋಡಿದ. ಹಗುರವಾಗಿ ಹೇಳಿದ್ದರೂ ಆ ನೋಟ ಹಗುರವಾಗಿರಲಿಲ್ಲ.

ನೀತಾಗೆ ಏನೋ ಹೇಳಬೇಕೆನಿಸಿತು. ಮಾತು ಹುಡುಕುವಷ್ಟರಲ್ಲಿ ಅವನು ಕಪ್ ಕೆಳಗಿಟ್ಟು, ಬ್ಯಾಟರಿಯ ತಂತಿ ಮತ್ತೆ ಹಚ್ಚಿ, ಕಾರಿನ ಹಿಂದೆ ಹೋಗಿ ಮೊಣಕಾಲೂರಿ ಕೂತ.

"ಮ್ಯಾಡಂ, ಡ್ರೈವರ್ ಸೀಟಿನ್ಯಾಗ ಕೂತು ಒಂದು ಸಲ ರಿವರ್ಸ್ ಗೇರ್ ಹಾಕ್ರಿ. ಹೆಂಗಂತ ಹೇಳ್ತೀನಿ. ನಾ ಇಲ್ಲಿ ನೋಡ್ತೀನಿ."

ನೀತಾ ಬಾಗಿಲ ಹಿಡಿಕೆಗೆ ಕೈ ಹಾಕಿದಳು. ಅಲ್ಲಿಂದ ಅವನ ತಲೆ ಮಾತ್ರ ಕಾಣುತ್ತಿತ್ತು, ಬಂಪರಿಗೆ ಒಂದು ಗೇಣು ದೂರದಲ್ಲಿ. ಅತ್ತೆ ಬಿದ್ದದ್ದು ಅವನು ಕೂತಿದ್ದ ಅದೇ ಹಾಸುಗಲ್ಲಿನ ಮೇಲೆ. ಹಿಡಿಕೆಯಿಂದ ಕೈ ತೆಗೆದಳು.

"ನಾ ಕೂಡೂದಿಲ್ಲ." ದನಿ ತಾನು ಬಯಸಿದ್ದಕ್ಕಿಂತ ಗಟ್ಟಿಯಾಗಿ, ಒರಟಾಗಿ ಬಂತು. "ನನಗ ಇವೆಲ್ಲ ಹೇಳಬ್ಯಾಡ್ರಿ. ನಿಮ್ಮ ಕೆಲಸ ನೀವ ಮಾಡ್ಕೋರಿ."

ಮೆಟ್ಟಿಲು ಹತ್ತಿ ಓಡಿದಳು. ಬಚ್ಚಲಲ್ಲಿ ಮುಖಕ್ಕೆ ನೀರು ಹಾಕಿಕೊಂಡು ಹೊರಬರುವಷ್ಟರಲ್ಲಿ ಬೈಕಿನ ಸದ್ದು ದೂರವಾಗಿತ್ತು. ಬಾಲ್ಕನಿಯಿಂದ ನೋಡಿದರೆ ಬಾನೆಟ್ಟಿನ ಪಕ್ಕದಲ್ಲಿ ಅರ್ಧ ಚಹಾ ಹಾಗೇ ಇತ್ತು.

ಗುರುವಾರ ಕಪ್ಲರ್ ಬಂತು. ಅದರ ಹಿಂದೆಯೇ ಅವನ ಮೆಸೇಜ್: "ಮ್ಯಾಡಂ, ನಿಮ್ಮ ಕಡೆ ಬ್ಯಾರೆ ಯಾರರೆ ಇದ್ರ ಅವರ ಕೈಲೆ ಹಾಕಿಸ್ಕೋರಿ. ಕತ್ತರಸೂದು ಏನಿಲ್ಲ, ಬಾಯಿಗೆ ಬಾಯಿ ಕೂಡಸೂದಷ್ಟ. ಚಿತ್ರ ತಗದು ಕಳಸೀನಿ." ಕೆಳಗೆ ಕಾಗದದ ಮೇಲೆ ನೀಟಾಗಿ ಬಣ್ಣದ ಪೆನ್ನಿನಿಂದ ಬಿಡಿಸಿದ ಚಿತ್ರ.

ಆ ಮೆಸೇಜನ್ನು ನಾಲ್ಕು ಸಲ ಓದಿದ ಮೇಲೆ ನೀತಾಗೆ ಅರ್ಥವಾಯಿತು. ಅವನು ಇಟ್ಟಿಗೆ ಹೊತ್ತ ತಾಯಿಯ ಮಾತು ಹೇಳಿದ್ದ. ಮರುಕ್ಷಣ ಅವಳು ನಿಮ್ಮ ಕೆಲಸ ನೀವು ಮಾಡಿಕೊಳ್ಳಿ ಎಂದು ಮೇಲೆ ಹೋಗಿದ್ದಳು. ಅವನು ಏನೆಂದು ತಿಳಿದಿರಬೇಕು?

ಫೋನ್ ಮಾಡಿದಳು. ಎತ್ತಲಿಲ್ಲ. ಶುಕ್ರವಾರವೂ ಎತ್ತಲಿಲ್ಲ. ಶನಿವಾರ ಊಟಕ್ಕೆ ಕೂತಾಗ ಭೀಮವ್ವ ರೊಟ್ಟಿ ಮುರಿಯುತ್ತ ಕೇಳಿದಳು: "ಏನಂದಿ ಆ ಹುಡುಗಗ?"

ನೀತಾ ಹೇಳಿದಳು. ಪೂರ್ತಿ ಕೇಳಿ ಭೀಮವ್ವ ರೊಟ್ಟಿ ಕೆಳಗಿಟ್ಟಳು.

"ನನಗ ಯಾವ ಭಜನಿ ಬೇಕಾಗಿಲ್ಲ. ಹಿಂದ ಕ್ಯಾಮೆರಾ ಹಚ್ಚು, ಅದಕ್ಕ ಎಂಥಾ ಸ್ಕ್ರೀನು ಬೇಕೋ ಅಂಥಾದು ಹಾಕು ಅಂತ ಅವಗ ನಾನ ಹೇಳಿದ್ದು. ಕಾಲು ಮುರಕೊಂಡಾಕಿ ನಾನು. ನಾ ಎದ್ದು ನಡ್ಯಾಕತ್ತು ಐದು ತಿಂಗಳಾತು. ಇನ್ನೂ ಕುಂಟಾಕತ್ತಾಕಿ ನೀನು."

ನೀತಾ ತಟ್ಟೆ ನೋಡುತ್ತ ಕೂತಳು. ಅತ್ತೆ ತನ್ನ ತಟ್ಟೆಯ ಬೆಣ್ಣೆಯನ್ನು ಅವಳ ತಟ್ಟೆಗೆ ಹಾಕಿದಳು.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಅವಳು ಕೆಳಗಿಳಿದಳು. ಕಿಶೋರನ ಚಿತ್ರ ನೋಡಿಕೊಂಡು, ಬ್ಯಾಟರಿಯ ತಂತಿ ಬಿಚ್ಚಿಟ್ಟು, ಎಡಗಡೆ ಸೀಟಿನಲ್ಲಿ ಕೂತು, ಕಪ್ಲರ್ ಕೂಡಿಸಿದಳು. ಆಂಟೆನಾ, ಕ್ಯಾಮೆರಾ, ಮೈಕ್. ಸ್ಕ್ರೀನನ್ನು ಚೌಕಟ್ಟಿಗೆ ಒತ್ತಿ ಸ್ಕ್ರೂ ಬಿಗಿದಳು. ಉಗುರೊಂದು ಮುರಿಯಿತು. ಬ್ಯಾಟರಿಯ ತಂತಿ ಮತ್ತೆ ಹಾಕುವ ಹೊತ್ತಿಗೆ ಧೈರ್ಯ ಸಾಲಲಿಲ್ಲ. ಏನಾದರೂ ಸುಟ್ಟುಹೋದರೆ? ಮತ್ತೆ ಫೋನ್ ಮಾಡಿದಳು. ಈ ಸಲ ಎತ್ತಿದ. ಹಿಂದೆ ತಟ್ಟೆಗಳ ಸದ್ದು.

"ಇವತ್ತು ಓವರ್‌ಟೈಮ್ ತಗೊಂಡೀನ್ರಿ. ಕ್ಯಾಂಟೀನಿನ್ಯಾಗ ಅದೀನಿ. ಹದಿನೈದು ನಿಮಿಷ ಅದ. ಹೇಳ್ರಿ."

"ಸ್ಕ್ರೀನು ನಾನ ಕೂಡಸೀನಿ. ಬ್ಯಾಟರಿ ಹಚ್ಚಾಕ ಅಂಜಿಕಿ ಆಗ್ತದ."

ಆ ಕಡೆ ತಟ್ಟೆ ಕೆಳಗಿಟ್ಟ ಸದ್ದು. "ನೀವ?"

"ನಾನ."

ಅವನ ದನಿ ಬದಲಾಯಿತು. ಹಳದಿ ತಂತಿ ಎಲ್ಲಿದೆ, ಕೆಂಪು ಎಲ್ಲಿದೆ ಎಂದು ಒಂದೊಂದಾಗಿ ಕೇಳಿ, ಹಚ್ಚಿರಿ ಎಂದ. ಹಚ್ಚಿದಳು. ಬಗ್ಗಿ ಕೀ ತಿರುಗಿಸಿದಳು. ಕಪ್ಪು ಗಾಜು ಬೆಳಗಿತು. ಸ್ಪೀಕರಿನಿಂದ ಮರಾಠಿ ಎಫ್‌ಎಂ ಜೋರಾಗಿ ಹೊರಬಿತ್ತು. ಗಡಬಡಿಸಿ ಸದ್ದು ಕಡಿಮೆ ಮಾಡಿದಳು.

"ಬಂತು," ಅಂದಳು. "ಕಿಶೋರ ಅವರ, ನಿಮಗೊಂದು ಹೇಳಬೇಕಾಗ್ಯದ. ನನಗ ಗಾಡಿ ಬರ್ತದ."

ಉಳಿದ ಒಂಬತ್ತು ನಿಮಿಷಗಳಲ್ಲಿ ಅವಳು ಆ ಬೆಳಗಿನ ಎಲ್ಲವನ್ನೂ ಹೇಳಿದಳು. ಕೊನೆಗೆ, "ನಿಮ್ಮ ಅತ್ತಿಯವರು ಈಗ ಎಲ್ಲಿ ಅದಾರ?" ಎಂದ.

"ಗೇಟಿನ ಹತ್ರ, ಬಲಗಡೆ ಕುರ್ಚಿ ಹಾಕ್ಕೊಂಡು ಕೂತಾಳ. ನೋಡಾಕತ್ತಾಳ."

"ಅಲ್ಲೇ ಇರ್ಲಿ. ಎಂಜಿನ್ ಬ್ಯಾಡ, ಗಾಡಿ ಹಂದಾಡೂದಿಲ್ಲ. ಹ್ಯಾಂಡ್‌ಬ್ರೇಕ್ ಅದ ಅಲ್ಲ? ಡ್ರೈವರ್ ಸೀಟಿಗೆ ಬಂದು ಬರೇ ರಿವರ್ಸ್ ಗೇರ್ ಹಾಕ್ರಿ. ಆಗಲಿಲ್ಲಂದ್ರ ಬಿಡ್ರಿ."

ಡ್ರೈವರ್ ಸೀಟಿನಲ್ಲಿ ಕೂತಳು. ಕ್ಲಚ್ ಒತ್ತಿ ಗೇರ್ ಎಳೆದಳು. ಸ್ಕ್ರೀನಿನಲ್ಲಿ ಅಂಗಳ ಮೂಡಿತು, ಗೇಟು, ಕುರ್ಚಿಯ ಮೇಲೆ ಅತ್ತೆ.

"ಕಾಣಸ್ತಾಳ. ಆದ್ರ ಎಡಗಡೆ ಕಾಣಸ್ತಾಳ. ಕೂತಿದ್ದು ಬಲಗಡೆ."

ಅವನು ತಟ್ಟನೆ ಗಂಭೀರನಾದ. "ಗೇರ್ ತಗೀರಿ. ಕೀ ಬಂದ್ ಮಾಡ್ರಿ. ಕ್ಯಾಮೆರಾದ್ದು ಒಂದು ಸಣ್ಣ ತಂತಿ ಬದಲಿ ಮಾಡಬೇಕಿತ್ತು, ನಾ ಬಿಟ್ಟೀನಿ. ತಪ್ಪು ನಂದು. ಎಡಾ ಬಲಾ ಉಲ್ಟಾ ತೋರಸ್ತದ. ಅದನ್ನ ನಂಬಿ ಒಂದಡಿನೂ ತಗೀಬ್ಯಾಡ್ರಿ. ಒಂದು ಗಂಟೇಕ ಸುಟ್ಟಿ ಆಗ್ತದ. ನಾ ಬರ್ತೀನಿ."

ಒಂದಕ್ಕೆ ಹೊರಟರೆ ಎರಡೂವರೆಗೆ ಬರಬೇಕು. ಎರಡೂವರೆ ಆಯಿತು. ಮೂರಾಯಿತು. ನೀತಾ ಬಾಲ್ಕನಿಗೂ ಬಾಗಿಲಿಗೂ ಓಡಾಡಿದಳು. ಚಾಕಣದ ರಸ್ತೆಯ ಟ್ರಕ್ಕುಗಳು ನೆನಪಾದವು. ಅವನು ಅವಸರ ಮಾಡಿ ಬರುತ್ತಿದ್ದರೆ? ತನ್ನ ಮಾತು ತಲೆಯಲ್ಲಿಟ್ಟುಕೊಂಡು ಗಾಡಿ ಓಡಿಸುತ್ತಿದ್ದರೆ? ಎರಡು ಸಲ ಫೋನ್ ಮಾಡಿದಳು, ಮೂರನೆಯ ಸಲ ಮಾಡಲಿಲ್ಲ. ಓಡಿಸುತ್ತಲೇ ಎತ್ತಿಬಿಟ್ಟರೆ ಎಂಬ ಭಯ.

ಮೂರೂಕಾಲಿಗೆ ಬೈಕು ಗೇಟಿನೊಳಗೆ ಬಂತು. ಅವನ ಅಂಗಿಯ ತೋಳು ಎಣ್ಣೆಯಲ್ಲಿ ಕಪ್ಪಾಗಿತ್ತು. "ಬೈಕಿನ ಚೈನ್ ಬಿತ್ತರಿ ಎರಡು ಸಲ," ಎಂದಷ್ಟೇ ಹೇಳಿ ಕಾರಿನ ಹಿಂದೆ ಕೂತು, ಹತ್ತು ನಿಮಿಷದಲ್ಲಿ ತಂತಿ ಸರಿಮಾಡಿದ. ಗೇರ್ ಹಾಕಿ ನೋಡಿದ. ಮತ್ತೆ ಕುರ್ಚಿಗೆ ಬಂದು ಕೂತಿದ್ದ ಭೀಮವ್ವ ಈಗ ಬಲಗಡೆಯೇ ಕಂಡಳು.

"ಬರ್ರಿ," ಎಂದು ಸೀಟು ಬಿಟ್ಟುಕೊಟ್ಟ. "ಹತ್ತಡಿ ಹಿಂದ ತಗೀರಿ, ಸಾಕು. ನಾ ಗೇಟಿನ ಹತ್ರ ನಿಂತು ಕೈ ತೋರಸ್ತೀನಿ."

ನೀತಾ ಕೂತು ಎಂಜಿನ್ ಶುರುಮಾಡಿದಳು. ಸ್ಕ್ರೀನಿನಲ್ಲಿ ಅವನು ನಿಂತಿದ್ದ, ಕೈ ಎತ್ತಿ. ಅವಳು ಎಂಜಿನ್ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿದಳು.

"ಹಿಂದ ನಿಲ್ಲಬ್ಯಾಡ್ರಿ."

ಅವನು ಕಿಟಕಿಯ ಹತ್ತಿರ ಬಂದ. "ಕಾಣಸ್ತೀನಲ್ಲ ನಾನು?"

"ಕಾಣಸ್ತೀರಿ. ಅದಕ್ಕ ಬ್ಯಾಡ ಅನ್ನಾಕತ್ತೀನಿ. ಆ ದಿನಾ ನಾ ಓಡಿದ್ದು ನಿಮ್ಮವ್ವನ ಮಾತಿಗಲ್ಲ. ನೀವು ಬಂಪರ್ ಹಿಂದ ಕೂತಿದ್ದು ನೋಡಿ ಓಡಿದೆ. ನಿಮಗ ಏನರೆ ಆದ್ರ ಅಂತ." ಸ್ಟೀರಿಂಗ್ ನೋಡುತ್ತ ಮುಂದುವರಿಸಿದಳು. "ಎರಡು ಸಲ ಮನಿಗೆ ಬಂದ ಮನಷ್ಯಾನ ಸಲುವಾಗಿ ಇಷ್ಟು ಯಾಕ ಜೀವ ಹಾರ್ತದ ಅಂತ ವಾರ ಎಲ್ಲಾ ಕೇಳ್ಕೊಂಡೆ. ಇವತ್ತು ಮೂರೂಕಾಲತನಕ ಮತ್ತ ಕೇಳ್ಕೊಂಡೆ."

"ಏನಂತ ತಿಳೀತು?"

"ಈ ಕಡೆ ಬಾಜೂಕ ಬಂದು ಕೂಡ್ರಿ. ಹೇಳ್ತೀನಿ."

ಅವನು ಕೂತ. ಭೀಮವ್ವ ಕುರ್ಚಿ ಎತ್ತಿಕೊಂಡು ಗೋಡೆಗೆ ಸರಿದು ನಿಂತಳು. ನೀತಾ ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಟ್ಟಳು. ಕಾರು ಕದಲಿತು. ಸ್ಕ್ರೀನಿನಲ್ಲಿ ಬರಿಯ ನೆಲ ಮೆಲ್ಲಗೆ ಹತ್ತಿರ ಬರುತ್ತಿತ್ತು. ಎರಡಡಿ, ಐದಡಿ. ಆ ಕಲ್ಲು ಚಕ್ರದಡಿ ಸರಿದುಹೋಯಿತು. ಹತ್ತನೆಯ ಅಡಿಗೆ ಬ್ರೇಕ್ ಒತ್ತಿದಾಗ ಅವಳ ಕೆನ್ನೆ ಒದ್ದೆಯಾಗಿತ್ತು.

ನೀತಾ ಹ್ಯಾಂಡ್‌ಬ್ರೇಕ್ ಎಳೆದು ಕೆನ್ನೆ ಒರೆಸಿಕೊಂಡಳು.

"ಕಿಶೋರ, ನೀವು ಬರೂದು ತಡ ಆದ್ರ ನನಗ ಏನೂ ತಿಳೀದಂಗ ಆಗ್ತದ," ಅಂದಳು. "ನೀವು ದಿನಾ ಬರಬೇಕು ಅನಸ್ತದ. ಅಷ್ಟ ತಿಳೀತು."

ಅವನು ಎಣ್ಣೆಯ ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡು ಕೂತಿದ್ದ, ಸೀಟಿಗೆ ಕಲೆ ಹತ್ತಬಾರದೆಂಬಂತೆ. "ಹ್ವಾದ ಸಲ ಹಿಂದಿನ ತಂತಿ ಚೆಕ್ ಮಾಡೂದು ಏನೂ ಇರಲಿಲ್ಲ," ಎಂದ ಕೊನೆಗೆ. "ಕಪ್ಲರ್ ಬಂದ ಮ್ಯಾಲ ಮಾಡಿದ್ರೂ ನಡೀತಿತ್ತು. ಅಲ್ಲೀತನಕ ನಿಮ್ಮನ್ನ ನೋಡದ ಇರಾಕ ಆಗಲಿಲ್ಲ ನೀತಾ."

ಮ್ಯಾಡಂ ಇಲ್ಲದ ತನ್ನ ಹೆಸರನ್ನು ಅವಳು ಮೊದಲ ಸಲ ಅವನ ಬಾಯಲ್ಲಿ ಕೇಳಿದಳು. ಅವನ ಕೈಯನ್ನು ಹಿಡಿದುಕೊಂಡಳು, ಎಣ್ಣೆ ಸಮೇತ.

"ಊಟ ಆಗ್ಯದೇನು?"

"ಇಲ್ಲ. ಕಾತ್ರಜದಾಗ ಅವ್ವ ದಾರಿ ಕಾಯಾಕತ್ತಿರ್ತಾಳ."

"ಕಾತ್ರಜ ಹತ್ತು ನಿಮಿಷ. ಫೋನ್ ಮಾಡ್ರಿ. ಇಬ್ಬರು ಬರಾಕತ್ತೀವಿ ಅಂತ ಹೇಳ್ರಿ."

ಅವನು ಅವಳನ್ನು ನೋಡಿದ. ತಮಾಷೆಯಲ್ಲವೆಂದು ಖಾತ್ರಿಯಾದ ಮೇಲೆ ಫೋನ್ ಹಚ್ಚಿದ. ಅವನ ತಾಯಿ ಹುಲಿಗೆವ್ವನ ದೊಡ್ಡ ದನಿ ಸ್ಪೀಕರಿಲ್ಲದೆಯೂ ಕಾರು ತುಂಬಿತು: ಇಬ್ಬರಂದರೆ ಯಾರು, ಜೊತೆಗೆ ಬರುವವರಿಗೆ ಖಾರ ನಡೆಯುತ್ತದೋ ಇಲ್ಲವೋ.

"ಖಾರ ತಿಂತೀರೇನು?" ಫೋನಿಗೆ ಕೈ ಅಡ್ಡ ಹಿಡಿದು ಕೇಳಿದ.

"ತಿಂತೀನಿ ಅನ್ರಿ," ಅಂದಳು ನೀತಾ. ಕನ್ನಡಿ ನೋಡಿದಳು, ಸ್ಕ್ರೀನ್ ನೋಡಿದಳು, ಕತ್ತು ತಿರುಗಿಸಿ ತಾನೇ ಇನ್ನೊಮ್ಮೆ ನೋಡಿದಳು. ಆಮೇಲೆ ಗೇಟಿನಿಂದ ಕಾರನ್ನು ರಸ್ತೆಗೆ ತೆಗೆದಳು.